ಸೇತುವೆಯ ಕೆಳಗಿನ ಹುಲ್ಲಿನ ಕಂತೆ

ಆಲ್ದವೀರ್, ಫ್ರೀಸ್‌ಲ್ಯಾಂಡ್
12 ನವೆಂಬರ್ 2023

ಬೌಕ್ಯಾ,

ಮೂವತ್ತೆರಡು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ‘ಪ್ರಿಯ’ ಎಂದು ಬರೆಯಲು ಪೆನ್ನು ಒಪ್ಪಲಿಲ್ಲ, ಬಿಟ್ಟೆ. ನಿನಗೀಗ ದಿನಕ್ಕೆ ನೂರು ಪತ್ರ ಬರುತ್ತವಂತೆ, ಅದಕ್ಕೆ ಪರಿಚಯ ಹೇಳಿಕೊಳ್ಳುತ್ತೇನೆ. ನಾನು ರೀಮ್ಕೆ. ಊರಿನ ಕಾಲುವೆಯ ಐಸ್ ಅಳೆದು ಸ್ಕೇಟ್ ದಾರಿ ತೆರೆಯುತ್ತಿದ್ದ ಐಸ್ ಮೇಸ್ತ್ರಿ ವೊಬ್ಬೆಯ ಮಗಳು, ಯೋರಿಟ್‌ನ ತಂಗಿ. ಶಾಲೆಯಲ್ಲಿ ಆರು ವರ್ಷ ನಿನ್ನ ಪಕ್ಕದಲ್ಲಿ ಕೂತವಳು.

ನಿನ್ನ ‘ಏಳು ಸಲ ಫೆಬ್ರವರಿ’ ಹೋದ ವರ್ಷ ಬಂದಾಗಲೇ ಓದಿದ್ದೆ. ಈ ಕಾಲದ ಹೆಣ್ಣೊಬ್ಬಳು ನಮ್ಮ ಸೇತುವೆಯ ಮೇಲೆ ನಿಂತು 1991ರ ಫೆಬ್ರವರಿಗೆ ಹೋಗುತ್ತಾಳೆ, ಅಲ್ಲಿ ಸ್ಕೇಟ್ ಮಾಡುವ ಹುಡುಗನನ್ನು ಪ್ರೀತಿಸುತ್ತಾಳೆ, ಅವನು ಐಸ್ ಒಡೆದು ಮುಳುಗುವುದನ್ನು ತಪ್ಪಿಸಲು ಏಳು ಸಲ ಹೋಗುತ್ತಾಳೆ, ಏಳು ಸಲವೂ ತಡವಾಗುತ್ತದೆ. ಆಗಲಿ. ನೀನು ನನ್ನ ಅಣ್ಣನನ್ನು ಮದುವೆಯಾಗಬೇಕಿದ್ದವಳು, ನಿನ್ನ ದುಃಖ ನೀನು ಬರೆದುಕೋ ಎಂದು ಸುಮ್ಮನಿದ್ದೆ. ಆದರೆ ಐಸ್ ಮೇಸ್ತ್ರಿಯನ್ನು ಕುಡುಕನನ್ನಾಗಿ ಯಾಕೆ ಮಾಡಿದೆ?

ಸೇತುವೆಯ ಕೆಳಗೆ ಐಸ್ ತೆಳು. ಅಲ್ಲಿ ಹುಲ್ಲಿನ ಕಂತೆ ಅಡ್ಡ ಇಡುತ್ತಾರೆ, ದಡದ ಮೇಲೆ ಜಮಖಾನ ಹಾಸುತ್ತಾರೆ, ಬಂದವರು ಸ್ಕೇಟ್ ಕಾಲಿನಲ್ಲೇ ಜಮಖಾನದ ಮೇಲೆ ನಡೆದು ರಸ್ತೆ ದಾಟಿ ಆಚೆ ಇಳಿಯುತ್ತಾರೆ. ಕಂತೆ ಇದ್ದರೆ ದಾರಿ ಇಲ್ಲ, ಕಂತೆ ಇಲ್ಲದಿದ್ದರೆ ದಾರಿ ಇದೆ. ನಮ್ಮೂರಿನ ಮಗುವಿಗೂ ಇದು ಗೊತ್ತು. ನಿನ್ನ ಪುಸ್ತಕದ ಮೇಸ್ತ್ರಿ ಕುಡಿದು ಬಿದ್ದು ಕಂತೆ ಇಡುವುದನ್ನೇ ಮರೆಯುತ್ತಾನೆ. ನನ್ನ ಅಪ್ಪ ಮರೆಯಲಿಲ್ಲ. ಸ್ಕೇಟಿಂಗ್ ಪಯಣದ ಆ ದಿನ ಸೇತುವೆಯ ಬಳಿ ದಾಟುವವರ ಕಾರ್ಡಿಗೆ ಮುದ್ರೆ ಒತ್ತುತ್ತಿದ್ದ ನಿನ್ನನ್ನು ನಾಲ್ಕು ಗಂಟೆಗೆ ಮನೆಗೆ ಕಳಿಸಿ, ಎಲ್ಲರೂ ದಾಟಿದರೆಂದು ತಪ್ಪು ತಿಳಿದು ಕಂತೆಯನ್ನು ಬೇಗ ಎಳೆದರು. ಊರಿನ ಮುಂದೆ ನಿಂತು ಅವರೇ ಒಪ್ಪಿಕೊಂಡರು. ಮಗನನ್ನು ಕೊಂದವನೆಂದು ಊರು ಅವರ ಕೈಯಿಂದ ಐಸ್ ಕೊರೆಯುವ ಬೈರಿಗೆ ಕಿತ್ತುಕೊಂಡಿತು. ನಾನೂ ಹತ್ತು ವರ್ಷ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಆದರೆ ಅವರು ಕುಡಿದಿರಲಿಲ್ಲ, ಬೌಕ್ಯಾ. ಅದು ನಿನಗೂ ಗೊತ್ತು.

ಈಗ ಸಿನಿಮಾ ಬೇರೆ ಬಂದಿದೆ. ಪುಸ್ತಕ ಓದಿದವರು ಕಣ್ಣೊರೆಸಿಕೊಂಡು ಮನೆಯಲ್ಲೇ ಇದ್ದರು. ಸಿನಿಮಾ ನೋಡಿದವರು ಬಸ್ಸು ಹತ್ತಿ ಬರುತ್ತಾರೆ. ಸಿನಿಮಾದಲ್ಲಿ ಅವಳು ಏಳನೆಯ ಸಲ ಸಮಯಕ್ಕೆ ಸರಿಯಾಗಿ ಮುಟ್ಟಿ ಜಮಖಾನ ಹಾಸುತ್ತಾಳಲ್ಲ, ಅದಕ್ಕೆ ಇವರೆಲ್ಲ ಮನೆಯಿಂದ ಜಮಖಾನದ ಚೂರು ತಂದು ಸೇತುವೆಯ ಬಳಿ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಹೋದ ಶನಿವಾರ ಉಟ್ರೆಕ್ಟಿನ ಒಬ್ಬಳು ನಮ್ಮ ಗೇಟಿನ ಬಳಿ ಬಂದು ಅಪ್ಪನನ್ನು ಕೇಳಿದಳು: “ಆ ಮೇಸ್ತ್ರಿ ನೀವೇ ಅಂತಲ್ಲ ತಾತಾ? ಈಗ್ಲಾದ್ರೂ ಕುಡಿಯೋದು ಬಿಟ್ರಾ?” ಅಪ್ಪನಿಗೆ ಎಂಬತ್ತನಾಲ್ಕು. ಟೋಪಿ ತೆಗೆದು “ಬಿಟ್ಟೆ ಕಣಮ್ಮಾ” ಎಂದರು. ನಾನು ಪೊರಕೆ ಹಿಡಿದು ಹೊರಬರುವಷ್ಟರಲ್ಲಿ ಅವಳು ಹೋಗಿದ್ದಳು.

ಊರಿನ ಸಭಾಂಗಣದಲ್ಲಿ ಸಿನಿಮಾ ಹಾಕಿದಾಗ ಅಪ್ಪ ಹಟ ಹಿಡಿದು ಬಂದರು. ಹುಡುಗ ಜಮಖಾನದ ಮೇಲೆ ನಡೆದು ದಾಟಿದಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಅಪ್ಪನ ಕಡೆ ಒಬ್ಬರೂ ತಿರುಗಲಿಲ್ಲ. ಹಿಂದಿರುಗುವಾಗ ಅವರು ಆಡಿದ್ದು ಇಷ್ಟೆ: “ಜಮಖಾನ ಉಲ್ಟಾ ಹಾಸಿದಾರೆ. ಕಂತೆ ಮಾತ್ರ ಸರಿಯಾದ ಜಾಗದಲ್ಲಿ ಇಟ್ಟಿದಾರೆ ನೋಡು.”

ಮುಂದಿನ ಮುದ್ರಣದಲ್ಲಿ ಒಂದು ಸಾಲು ಹಾಕು: ನಿಜವಾದ ಐಸ್ ಮೇಸ್ತ್ರಿ ಆ ದಿನ ಕುಡಿದಿರಲಿಲ್ಲ. ಇಷ್ಟೇ ನನ್ನ ಬೇಡಿಕೆ.

ರೀಮ್ಕೆ


ಆಮ್‌ಸ್ಟರ್‌ಡ್ಯಾಂ
3 ಡಿಸೆಂಬರ್ 2023

ಪ್ರೀತಿಯ ರೀಮ್ಕೆ,

ನಿನ್ನ ಅಕ್ಷರ ನೋಡಿ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ತಡವಾಗಿ ಉತ್ತರಿಸುತ್ತಿದ್ದೇನೆ, ಓಡಾಟ ಒಂದೇ ಸಮನೆ.

ಕಾದಂಬರಿ ಕಾದಂಬರಿಯೇ, ರೀಮ್ಕೆ. ಅದರ ಮೇಸ್ತ್ರಿ ನಿನ್ನ ತಂದೆಯಲ್ಲ. ಯಾರೋ ಒಬ್ಬರ ತಪ್ಪಿನಿಂದ ಆದದ್ದು ಎಂದು ಓದುಗರಿಗೆ ಅನ್ನಿಸದಿದ್ದರೆ ಅವರು ಆ ದುಃಖವನ್ನು ಎಲ್ಲಿ ಇಳಿಸಬೇಕು? ಸಿನಿಮಾದ ಅಂತ್ಯವಂತೂ ನನ್ನದಲ್ಲ. ಅವಳು ಸಮಯಕ್ಕೆ ಮುಟ್ಟಬಾರದೆಂದು ನಾನು ಕೊನೆಯವರೆಗೂ ವಾದಿಸಿದೆ. ನನಗೆ ಬರುವ ಪತ್ರಗಳನ್ನು ನೀನು ನೋಡಬೇಕು. ಪುಸ್ತಕದವರು ಸಿನಿಮಾದವರನ್ನು ಮೋಸಗಾರರೆನ್ನುತ್ತಾರೆ, ಸಿನಿಮಾದವರು ನನ್ನನ್ನು ಕಲ್ಲುಹೃದಯದವಳೆನ್ನುತ್ತಾರೆ. ಒಬ್ಬ ಅಜ್ಜಿ ನನ್ನ ಕೊನೆಯ ಪುಟ ಹರಿದು ತಾನೇ ಬೇರೆ ಬರೆದು ಅಂಟಿಸಿದ್ದಾಳಂತೆ!

ನೀನು ಕೇಳಿದ ಸಾಲಿನ ಬಗ್ಗೆ ಪ್ರಕಾಶಕರ ಜೊತೆ ಮಾತಾಡುತ್ತೇನೆ. ಅಲ್ಲಿಯವರೆಗೆ ನಿನ್ನ ತಂದೆಗೆ ನನ್ನ ಸಹಿ ಹಾಕಿದ ಒಂದು ಪ್ರತಿ, ಜೊತೆಗೆ ಡಿಸೆಂಬರ್ ಹಬ್ಬಕ್ಕೆಂದು ಅವರ ಹೆಸರಿನ ಮೊದಲ ಅಕ್ಷರದ ಆಕಾರದ ಚಾಕೊಲೇಟ್ ಕಳಿಸಿದ್ದೇನೆ.

ಎಂದೂ ನಿನ್ನವಳೇ,
ಬೌಕ್ಯಾ


ಆಲ್ದವೀರ್
9 ಡಿಸೆಂಬರ್ 2023

ಬೌಕ್ಯಾ,

ಪುಸ್ತಕ ವಾಪಸು ಕಳಿಸಿದ್ದೇನೆ. ಚಾಕೊಲೇಟನ್ನು ಅಪ್ಪ ಕಿಟಕಿಯಲ್ಲಿ ನಿಲ್ಲಿಸಿದ್ದಾರೆ. ತಿನ್ನಿ ಎಂದರೆ “ಇರ್ಲಿ ಬಿಡು, ಅವಳು ಕಳ್ಸಿದ್ದಲ್ವಾ” ಎನ್ನುತ್ತಾರೆ. ನಿನ್ನ ಮೇಲೆ ಅವರಿಗೆ ಈ ಮಮತೆ ಎಲ್ಲಿಂದಲೋ ನನಗಂತೂ ತಿಳಿಯದು.

ನಮ್ಮ ಗ್ರಂಥಾಲಯದ ಓದುಗರ ಕೂಟದಲ್ಲೂ ನಿನ್ನದೇ ಜಗಳ. ಗ್ರಂಥಾಲಯದ ತ್ರಿನ್ಯಾ ಪುಸ್ತಕದ ಪಕ್ಷ. “ಪ್ರೀತಿ ಅಂದ್ಮೇಲೆ ತಡವಾಗ್ಲೇಬೇಕು ಕಣ್ರೀ, ಇಲ್ದಿದ್ರೆ ಅದಕ್ಯಾಕೆ ಪುಸ್ತಕ?” ಎಂದಳು. ಬೇಕರಿಯ ಹೆಂಗಸು ಸಿನಿಮಾದ ಪಕ್ಷ. “ನಿನ್ನ ಗಂಡ ಮುಳುಗಿದ್ರೆ ಆಗ ಹೇಳ್ತಿದ್ದೆ, ಸುಮ್ನಿರೇ” ಎಂದು ಬಾಯಿ ಮುಚ್ಚಿಸಿದಳು. ಒಂದೂವರೆ ಗಂಟೆ ಕೂಗಾಡಿದರು. ಯೋರಿಟ್ ಎಂಬ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಇಬ್ಬರೂ ಅವನ ಶಾಲೆಯವರೇ. ನನ್ನ ಅಣ್ಣನ ಎಡಗಿವಿ ಸ್ವಲ್ಪ ಮಂದ, ಅವನು ಈರುಳ್ಳಿ ಮುಟ್ಟುತ್ತಿರಲಿಲ್ಲ, ಸೋತರೆ ಮೂರು ದಿನ ಮುಖ ಊದಿಸಿಕೊಳ್ಳುತ್ತಿದ್ದ. ಅದನ್ನೆಲ್ಲ ಹೇಳೋಣವೆಂದು ಬಾಯಿ ತೆರೆದು, ಯಾರಿಗೆ ಬೇಕು ಎಂದು ಎದ್ದು ಬಂದೆ.

ಅಪ್ಪನಿಗೆ ಹೊಸ ಕೆಲಸ ಸಿಕ್ಕಿದೆ. ನಿನ್ನ ಓದುಗರು ಹಾಕಿಹೋದ ಜಮಖಾನದ ಚೂರುಗಳನ್ನು ಬೆಳಿಗ್ಗೆ ಬೆಳಿಗ್ಗೆ ಹೋಗಿ ಸರಿಯಾಗಿ ಜೋಡಿಸಿ ಮೊಳೆ ಹೊಡೆಯುತ್ತಾರೆ. ಒದ್ದೆ ಚೂರಿನ ಮೇಲೆ ಯಾರಾದರೂ ಜಾರಿ ಬಿದ್ದಾರು ಎಂಬ ಚಿಂತೆ. ಕೆಮ್ಮು ಹತ್ತಿದೆ, ಕೇಳುವುದಿಲ್ಲ.

ಆ ಒಂದು ಸಾಲಿಗಾಗಿ ಕಾಯುತ್ತಿದ್ದೇನೆ.

ರೀಮ್ಕೆ


ಜ್ವಾಲೆ
18 ಜನವರಿ 2024

ಆಲ್ದವೀರ್‌ನ ಐಸ್ ಮೇಸ್ತ್ರಿಯ ಮನೆಯವರಿಗೆ,

ಮಾನ್ಯರೇ, ನಾನು ನಿವೃತ್ತ ಭೂಮಾಪಕ. ‘ಏಳು ಸಲ ಫೆಬ್ರವರಿ’ಯನ್ನು ಮೂರು ಸಲ ಓದಿದ್ದೇನೆ, ಸಿನಿಮಾವನ್ನು ನಾಲ್ಕು ಸಲ ನೋಡಿದ್ದೇನೆ. ನನ್ನ ಹೆಂಡತಿ ತೀರಿಕೊಂಡ ಮೇಲೆ ನನಗೆ ಇದೊಂದು ಸಮಾಧಾನ.

ನಾವಿಬ್ಬರೂ 1991ರ ಆ ದಿನ ನಿಮ್ಮೂರಿನ ಸ್ಕೇಟಿಂಗ್ ಪಯಣದಲ್ಲಿದ್ದೆವು. ಹಳೆಯ ಆಲ್ಬಮ್ ತೆಗೆದಾಗ ನಿಮ್ಮ ಸೇತುವೆಯ ಫೋಟೋ ಸಿಕ್ಕಿತು, ಪ್ರತಿ ಇಟ್ಟಿದ್ದೇನೆ. ಮೂಲೆಯಲ್ಲಿ ಕ್ಯಾಮೆರಾ ಬರೆದ ಗಂಟೆಯಿದೆ: 16.40. ಇಲ್ಲಿ ಸಿನಿಮಾದವರ ಒಂದು ತಪ್ಪು ಹಿಡಿದಿದ್ದೇನೆಂದು ನಮ್ರವಾಗಿ ತಿಳಿಸಬಯಸುತ್ತೇನೆ. ಅವರು ಹುಲ್ಲಿನ ಕಂತೆಯನ್ನು ಸೇತುವೆಯ ಕೆಳಗೆ ತೋರಿಸಿದ್ದಾರೆ. ಫೋಟೋದಲ್ಲಿ ಅದು ದಡದ ಮೇಲಿದೆ, ಕೆಂಪು ಉಣ್ಣೆ ಟೋಪಿಯ ಹುಡುಗಿಯೊಬ್ಬಳು ಅದರ ಮೇಲೆ ಕೂತು ನಮ್ಮ ಕಾರ್ಡಿಗೆ ಮುದ್ರೆ ಒತ್ತುತ್ತಿದ್ದಾಳೆ. ಆ ಹುಡುಗಿ ಯಾರೆಂದು ನಿಮಗೆ ಗೊತ್ತೇ? ಬಹಳ ನಗುಮುಖದವಳು.

ವಿಶ್ವಾಸದಿಂದ,
ಎವರ್ಟ್ ಕ್ಲೋಸ್ಟರ್‌ಮನ್


ಆಲ್ದವೀರ್
27 ಜನವರಿ 2024

ಬೌಕ್ಯಾ,

ಫೋಟೋದ ಪ್ರತಿ ಇದರ ಜೊತೆಗಿದೆ. ನಾಲ್ಕು ಗಂಟೆಗೆ ಮನೆಗೆ ಹೋದವಳು ನಾಲ್ಕು ನಲವತ್ತಕ್ಕೆ ಕಂತೆಯ ಮೇಲೆ ಕೂತಿದ್ದಾಳೆ. ಆ ಕೆಂಪು ಟೋಪಿ ನಾನೇ ಹೆಣೆದುಕೊಟ್ಟದ್ದು. ಕಿವಿಯ ಹತ್ತಿರ ಎರಡು ಹೊಲಿಗೆ ತಪ್ಪಿದೆ, ಫೋಟೋದಲ್ಲೂ ಕಾಣುತ್ತದೆ.

ಅಪ್ಪನ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು.

“ಎತ್ತಿಡು ಇದನ್ನ” ಎಂದರು.

“ಎತ್ತಿಡೋಕೆ ನಾನು ಕೆಲಸದವಳಲ್ಲ. ಹೇಳಿ, ಕಂತೆ ಎಳ್ದಿದ್ದು ಯಾರು?”

“ನಾನೇ ಅಂತ ಹೇಳಿದೀನಲ್ಲ.”

“ಅಪ್ಪಾ, ನಂಗೆ ಐವತ್ತೆರಡು ವಯಸ್ಸು. ಸುಳ್ಳು ಹೇಳ್ಬೇಡಿ.”

ಆಗ ಹೇಳಿದರು. ಸೂಪು ಹಂಚುತ್ತಿದ್ದ ಕೊಟ್ಟಿಗೆಯಲ್ಲಿ ನಿನ್ನನ್ನು ಹುಡುಕಿ, ಇನ್ನೂ ಯಾರಿಗೂ ಸುದ್ದಿ ತಿಳಿಯುವ ಮೊದಲೇ, ನೀನು ನಾಲ್ಕಕ್ಕೇ ಹೋದೆ, ಎಳೆದವನು ನಾನು ಎಂದು ನಿನ್ನ ಬಾಯಿಗೆ ಮಾತು ತುರುಕಿದ್ದನ್ನು ಹೇಳಿದರು. ಯಾಕೆ ಅಂದೆ. “ಹತ್ತೊಂಬತ್ತು ವರ್ಷದ ಹುಡುಗಿ ಕಣಮ್ಮಾ. ಊರು ಹರಿದು ತಿಂದ್ಬಿಡ್ತಿತ್ತು. ನಂದು ಹೆಂಗೂ ಮುಗ್ದಿತ್ತು” ಎಂದರು. ನನಗೂ ಹತ್ತೊಂಬತ್ತೇ ಆಗಿತ್ತಲ್ಲ ಅಪ್ಪಾ, ನನ್ನ ಬಗ್ಗೆ ಯೋಚಿಸಲಿಲ್ಲವೇ ಎಂದೆ. ಅವರು ಫೋಟೋವನ್ನು ಮಗುಚಿ ಇಟ್ಟರು. ನಾನು ಆ ಹತ್ತು ವರ್ಷ ಅವರ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ ಇಡುತ್ತಿದ್ದದ್ದು ನೆನಪಾಗಿ ಅಲ್ಲೇ ನಿಂತು ಅತ್ತೆ.

ಮತ್ತೆ ನೀನು! ಆ ಮನುಷ್ಯ ನಿನ್ನ ಪಾಪವನ್ನು ಹೊತ್ತು ಮೂವತ್ತೆರಡು ವರ್ಷ ಈ ಬೀದಿಯಲ್ಲಿ ತಲೆ ತಗ್ಗಿಸಿ ನಡೆದರೆ, ನೀನು ಅವರ ಕೈಗೆ ಒಂದು ಬಾಟಲಿಯನ್ನೂ ಕೊಟ್ಟೆ. ನಾಚಿಕೆಯಾಗಲಿಲ್ಲವೇ?

ಪತ್ರಿಕೆಗೆ ಕೊಡುತ್ತೇನೆಂದು ಹೊರಟೆ. ಅಪ್ಪ ಕೈ ಹಿಡಿದುಕೊಂಡರು. ಅವರಿಗೆ ಯಾವ ಸಾಲೂ ಬೇಡವಂತೆ. “ಅವಳು ಒಂದ್ಸಲ ಬರ್ಲಿ ಸಾಕು. ಕೂತ್ಕೊಂಡು ಕಾಫಿ ಕುಡೀಲಿ. ಯೋರಿಟ್ ವಿಷಯ ಮಾತಾಡೋಕೆ ನಂಗೆ ಯಾರಿದಾರೆ?” ಎಂದರು. ಡಾಕ್ಟರು ಶ್ವಾಸಕೋಶ ಕೈಕೊಟ್ಟಿದೆ, ವಸಂತ ಕಾಣುವುದು ಕಷ್ಟ ಎಂದಿದ್ದಾರೆ.

ನಾನು ನಿನ್ನನ್ನು ಕ್ಷಮಿಸುವುದಿಲ್ಲ. ಆದರೆ ಬಾ. ರೈಲಿನಲ್ಲಿ ಎರಡೂಕಾಲು ಗಂಟೆ, ಆಮೇಲೆ ಇಪ್ಪತ್ತು ನಿಮಿಷದ ಬಸ್ಸು. ನಾನು ಮನೆಯಲ್ಲಿರಬಾರದೆಂದರೆ ಇರುವುದಿಲ್ಲ.

ರೀಮ್ಕೆ


ಆಮ್‌ಸ್ಟರ್‌ಡ್ಯಾಂ
11 ಫೆಬ್ರವರಿ 2024

ರೀಮ್ಕೆ,

ಈ ಪತ್ರವನ್ನು ಒಂಬತ್ತು ಸಲ ಬರೆದು ಹರಿದಿದ್ದೇನೆ.

ಹೌದು. ನಾನೇ. ನನ್ನ ಕಾಲು ಮರಗಟ್ಟಿ ಹೋಗಿತ್ತು. ಕೂರಲು ಏನೂ ಇರಲಿಲ್ಲ. ಜನ ವಿರಳವಾಗಿದ್ದರು, ಅವರೂ ಪರವೂರಿನವರೇ, ಬಂದವರನ್ನು ನಾನೇ ಕೈತೋರಿಸಿ ಜಮಖಾನದ ಕಡೆ ತಿರುಗಿಸುತ್ತಿದ್ದೆ. ಕಂತೆ ಎಳೆದುಕೊಂಡು ಅದರ ಮೇಲೆ ಕೂತೆ. ಐದಕ್ಕೆ ಹತ್ತು ನಿಮಿಷವಿರುವಾಗ ಇನ್ನೂರ ಹದಿನಾಲ್ಕನೆಯ ಕಾರ್ಡಿಗೆ ಮುದ್ರೆ ಒತ್ತಿದೆ. ಹೊರಟವರೂ ಇನ್ನೂರ ಹದಿನಾಲ್ಕೇ. ಎಣಿಕೆ ಸರಿಹೋಯಿತಲ್ಲ ಎಂಬ ಖುಷಿಯಲ್ಲಿ ಜಮಖಾನ ಸುತ್ತಿ, ಬಟಾಣಿ ಸೂಪಿನ ವಾಸನೆ ಹಿಡಿದು ಓಡಿದೆ. ಎಲ್ಲರ ಹಿಂದೆ ದಾರಿ ಗುರುತಿನ ಬಾವುಟ ಆರಿಸಿಕೊಂಡು ಬರುವವನಿಗೆ ಕಾರ್ಡು ಇರುವುದಿಲ್ಲ. ಅವನು ಎಣಿಕೆಯಲ್ಲಿ ಸೇರುವುದಿಲ್ಲ. ಅದು ನನಗೆ ಗೊತ್ತಿತ್ತು. ಆ ದಿನ ಬಾವುಟ ಆರಿಸುವವನು ಯೋರಿಟ್ ಎಂಬುದೂ ಗೊತ್ತಿತ್ತು, ಬೆಳಿಗ್ಗೆ ಅವನ ಬೂಟಿನ ದಾರ ಬಿಗಿದವಳೇ ನಾನು. ಅವನು ಬಂದು ನೋಡಿದಾಗ ಐಸ್ ಮೇಲೆ ಅಡ್ಡ ಕಂತೆಯೂ ಇಲ್ಲ, ದಡದ ಮೇಲೆ ಜಮಖಾನವೂ ಇಲ್ಲ. ಅಪ್ಪ ದಾರಿ ತೆರೆದಿದ್ದಾರೆ ಎಂದುಕೊಂಡ. ಬಗ್ಗಿ ಸೇತುವೆಯ ಕೆಳಗೆ ನುಗ್ಗಿದ.

ನಿನ್ನ ತಂದೆ ಹೇಳಿಕೊಟ್ಟದ್ದನ್ನು ಒಪ್ಪಿಕೊಂಡೆ. ಮೊದಲ ವಾರ ಭಯದಿಂದ. ಆಮೇಲೆ ಅಭ್ಯಾಸವಾಯಿತು. ಪುಸ್ತಕದಲ್ಲಿ ಮೇಸ್ತ್ರಿಗೆ ಬಾಟಲಿ ಕೊಟ್ಟದ್ದು ಯಾಕೆಂದರೆ, ಕುಡುಕನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಒಳ್ಳೆಯವನನ್ನು ಒಳ್ಳೆಯವನಾಗಿಯೇ ಬರೆದಿದ್ದರೆ ನಾನು ನನ್ನ ಹೆಸರನ್ನೂ ಬರೆಯಬೇಕಾಗುತ್ತಿತ್ತು.

ಬರುತ್ತೇನೆ. ಮಾರ್ಚ್ ಮೊದಲ ವಾರ, ಜರ್ಮನ್ ಅನುವಾದದ ಬಿಡುಗಡೆ ಮುಗಿಸಿ ನೇರ ಅಲ್ಲಿಗೇ.

ಬೌಕ್ಯಾ


ಆಲ್ದವೀರ್
25 ಫೆಬ್ರವರಿ 2024

ಬೌಕ್ಯಾ ಮಗಳೇ,

ಅಕ್ಷರ ಸರಿಯಿಲ್ಲ, ಹೇಗೋ ಓದಿಕೋ. ನೀನು ಬರುವ ವಿಷಯ ರೀಮ್ಕೆ ಹೇಳಿದಳು. ಸಂತೋಷ. ಸಿನಿಮಾದವರನ್ನು ಕರೆದುಕೊಂಡು ಬರಬೇಡ. ನಿನ್ನ ಓದುಗರು ಒಳ್ಳೆಯ ಜನ, ಆದರೆ ಜಮಖಾನ ಹಾಸುವುದು ಒಬ್ಬರಿಗೂ ಬರುವುದಿಲ್ಲ.

ಮನೆಯ ಹಿಂದಿನ ಕಾಲುವೆಯಲ್ಲಿ ಪ್ರತಿ ಚಳಿಗಾಲ ಐಸ್ ಅಳೆದು, ನಮ್ಮ ಕಡೆಯ ಎಲ್ಲ ಮನೆಗಳಂತೆ ಶೌಚಾಲಯದ ಗೋಡೆಯಲ್ಲಿ ತೂಗುವ, ವರ್ಷ ಬದಲಾದರೂ ಬದಲಿಸದ ಹುಟ್ಟುಹಬ್ಬದ ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ. ಈ ವರ್ಷ ಮೂರು ಸೆಂಟಿಮೀಟರ್ ದಾಟಲಿಲ್ಲ. ನಿನ್ನ ಹೆಸರು ಮಾರ್ಚ್ ಹದಿನಾಲ್ಕರಲ್ಲಿ ಹಾಗೇ ಇದೆ, ಅಳಿಸಿಲ್ಲ.

ವೊಬ್ಬೆ


ಬರ್ಲಿನ್
6 ಮಾರ್ಚ್ 2024

ರೀಮ್ಕೆ, ಇಲ್ಲಿ ಇನ್ನೆರಡು ಊರು ಸೇರಿಸಿಬಿಟ್ಟರು, ಬೇಡವೆನ್ನಲಾಗಲಿಲ್ಲ. ಹದಿನಾಲ್ಕಕ್ಕೆ ಖಂಡಿತ. ನನ್ನ ಹುಟ್ಟುಹಬ್ಬವನ್ನು ಅವರ ಜೊತೆಯೇ ಆಚರಿಸುತ್ತೇನೆಂದು ಹೇಳು. – ಬೌ.


ಆಲ್ದವೀರ್
22 ಮಾರ್ಚ್ 2024

ಬೌಕ್ಯಾ,

ಅಪ್ಪ ಹದಿನಾರರ ಬೆಳಿಗ್ಗೆ ಹೋದರು. ಬೂದು ಅಂಚಿನ ಸಾವಿನ ಕಾರ್ಡು ನಿನಗೂ ಕಳಿಸಿದ್ದೆ. ನಿನ್ನಿಂದ ಬಂದದ್ದು ಹೂವು, ಅಂಗಡಿಯವನ ಕೈಬರಹದಲ್ಲಿ.

ಹದಿನಾಲ್ಕರ ವಿಷಯ ಹೇಳುತ್ತೇನೆ, ನೀನು ಅದನ್ನು ತಿಳಿದುಕೊಳ್ಳಲೇಬೇಕು. ಬೆಳಿಗ್ಗೆಯೇ ತಮ್ಮ ಅಂಗಿ ಬದಲಿಸಲು ಹೇಳಿದರು. ಬೇಕರಿಯಿಂದ ಕೇಕ್ ತರಿಸಿದರು. ನನ್ನ ಕೈ ಕುಲುಕಿ “ಬೌಕ್ಯಾ ಹುಟ್ಟುಹಬ್ಬಕ್ಕೆ ಅಭಿನಂದನೆ ಕಣಮ್ಮಾ” ಎಂದರು, ಮನೆಯ ಮಗಳ ಹುಟ್ಟುಹಬ್ಬಕ್ಕೆ ಮನೆಯವರೆಲ್ಲರಿಗೂ ಹೇಳುವ ಹಾಗೆ. ನಾನೂ ಹಲ್ಲು ಕಚ್ಚಿಕೊಂಡು “ನಿಮ್ಗೂ ಅಭಿನಂದನೆ” ಎಂದೆ. ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡರು. ಗಂಟೆಗೊಂದು ಬಸ್ಸು. ಹನ್ನೊಂದರದ್ದು ಹೋಯಿತು, ಹನ್ನೆರಡರದ್ದು ಹೋಯಿತು. ಐದು ಗಂಟೆಯ ಬಸ್ಸಿನಿಂದ ಇಬ್ಬರು ಹುಡುಗಿಯರು ಜಮಖಾನದ ಚೂರು ಹಿಡಿದು ಇಳಿದರು. “ಅವಳೇನಾ?” ಎಂದು ಕೇಳಿದರು. ಅಲ್ಲ ಎಂದೆ. “ಇನ್ನೊಂದು ಬಸ್ಸಿದೆಯಲ್ಲ” ಎಂದರು. ಆ ಬಸ್ಸೂ ಬಂತು, ಹೋಯಿತು. ಕೇಕಿಗೆ ಕೈಯಿಡಲಿಲ್ಲ.

ಶವವನ್ನು ಸೇತುವೆ ದಾಟಿಸಿಯೇ ಇಗರ್ಜಿಗೆ ಒಯ್ಯಬೇಕಿತ್ತು. ಅವರೇ ಮೊಳೆ ಹೊಡೆದು ಜೋಡಿಸಿದ ಜಮಖಾನದ ಮೇಲೆ ಒಯ್ದೆವು. ಹೊತ್ತವರು ಆರು ಮಂದಿ, ಒಬ್ಬರ ಕಾಲೂ ಜಾರಲಿಲ್ಲ. ವಾಡಿಕೆಯಂತೆ ಇಗರ್ಜಿಗೆ ಮೂರು ಸುತ್ತು ಬಂದೆವು. ರಸ್ತೆಯ ಬದಿ ನಿಂತಿದ್ದ ನಿನ್ನ ಓದುಗರಲ್ಲೊಬ್ಬಳು ಪಕ್ಕದವಳಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: “ಆ ಕುಡುಕನಂತೆ.”

ರೀಮ್ಕೆ


ಆಮ್‌ಸ್ಟರ್‌ಡ್ಯಾಂ
2 ಏಪ್ರಿಲ್ 2024

ರೀಮ್ಕೆ,

ಹದಿನಾಲ್ಕರಂದು ನಾನು ಲೇವಾರ್ಡನ್ ನಿಲ್ದಾಣದವರೆಗೂ ಬಂದಿದ್ದೆ. ನಿಮ್ಮೂರಿನ ಬಸ್ಸಿನ ಮುಂದೆ ನಿಂತಿದ್ದೆ. ಹತ್ತಲಾಗಲಿಲ್ಲ. ವಾಪಸು ರೈಲು ಹತ್ತಿದೆ. ಇದಕ್ಕಿಂತ ಹೆಚ್ಚು ಏನು ಹೇಳಲಿ?

ಆದರೆ ಈಗ ಸರಿಪಡಿಸುತ್ತೇನೆ. ಹದಿಮೂರರಂದು ಟೀವಿಯಲ್ಲಿ ಎಲ್ಲವನ್ನೂ ಹೇಳುತ್ತೇನೆ. ಹೊಸ ಮುದ್ರಣದಲ್ಲಿ ನಿನ್ನ ತಂದೆಯ ಬಗ್ಗೆ ಇಪ್ಪತ್ತು ಪುಟ ಬರೆಯುತ್ತಿದ್ದೇನೆ. ನೀನು ಕೇಳಿದ್ದು ಒಂದೇ ಸಾಲು. ಅದೆಲ್ಲ ಮುಗಿದ ಮೇಲೆ ಬಂದು ನಿನ್ನ ಮುಂದೆ ನಿಲ್ಲುತ್ತೇನೆ, ಏನು ಬೇಕಾದರೂ ಅನ್ನು.

ಬೌಕ್ಯಾ


ಆಲ್ದವೀರ್
30 ಏಪ್ರಿಲ್ 2024

ಬೌಕ್ಯಾ,

ಟೀವಿ ನೋಡಿದೆ. ನೀನು ಚೆನ್ನಾಗಿ ಅತ್ತೆ.

ಓದುಗರು ಏನೆನ್ನುತ್ತಾರೆಂದು ನಿನಗೆ ತಿಳಿದೇ ಇರುತ್ತದೆ. ಆದರೂ ನಮ್ಮೂರಿನ ವರದಿ ಕೊಡುತ್ತೇನೆ. ಪುಸ್ತಕದ ಪಕ್ಷ, ಸಿನಿಮಾದ ಪಕ್ಷ ಎರಡೂ ಒಂದಾಗಿವೆ. “ಎಂಥಾ ಧೈರ್ಯ ರೀ ಆ ಹೆಂಗಸಿಂದು! ಅಷ್ಟು ವರ್ಷ ಒಳಗೇ ಇಟ್ಕೊಂಡು ಹೆಂಗೆ ಬದುಕಿದ್ಲೋ!” ಎಂದು ತ್ರಿನ್ಯಾ ಕಣ್ಣೀರು ಹಾಕಿದಳು. ಬೇಕರಿಯವಳು ಈ ಸಲ ಅವಳ ಮಾತಿಗೆ ಎದುರಾಡಲಿಲ್ಲ. ಗ್ರಂಥಾಲಯದಲ್ಲಿ ನಿನ್ನ ಪುಸ್ತಕಕ್ಕೆ ನಲವತ್ತು ಜನ ಸರದಿಯಲ್ಲಿದ್ದಾರೆ. ಹೊಸ ಮುದ್ರಣದ ಮುಖಪುಟದ ಮೇಲೆ ‘ಕಥೆಯ ಹಿಂದಿನ ಸತ್ಯದೊಂದಿಗೆ’ ಎಂಬ ಪಟ್ಟಿ ಹಾಕಿದ್ದಾರೆ, ಅದರ ಮೇಲೆ ಅಪ್ಪನ ಹೆಸರು ಸಣ್ಣಕ್ಷರದಲ್ಲಿದೆ. ಐಸ್ ಸಂಘದವರು ಮನೆಗೆ ಬಂದು ಬೈರಿಗೆಯನ್ನು ಗೌರವದಿಂದ ಹಿಂದಿರುಗಿಸಿದರು. ಎಲ್ಲಿಡಲಿ ಅದನ್ನು? ಜ್ವಾಲೆಯ ಆ ಮುದುಕ ಮಾತ್ರ ಒಂದು ಕಾರ್ಡು ಬರೆದ: ‘ನಾನು ಸಿನಿಮಾದ ತಪ್ಪು ಎಂದುಕೊಂಡಿದ್ದೆ, ಕ್ಷಮಿಸಿ.’ ಇಡೀ ದೇಶದಲ್ಲಿ ಕ್ಷಮೆ ಕೇಳಿದವನು ಅವನೊಬ್ಬನೇ, ಏನೂ ತಪ್ಪು ಮಾಡದವನು.

ಅಪ್ಪ ಕೇಳಿದ್ದು ಟೀವಿಯಲ್ಲ, ಇಪ್ಪತ್ತು ಪುಟವಲ್ಲ. ಒಂದು ಲೋಟ ಕಾಫಿ. ನಿನ್ನ ನಾಯಕಿ ಏಳು ಸಲ ಮೂವತ್ತೆರಡು ವರ್ಷ ಹಿಂದಕ್ಕೆ ಹೋಗಿಬಂದಳು, ಓದಿದವರೆಲ್ಲ ಅಯ್ಯೋ ಪಾಪ ಎಂದರು. ನೀನು ಇಪ್ಪತ್ತು ನಿಮಿಷದ ಬಸ್ಸು ಹತ್ತಲಿಲ್ಲ.

ಕ್ಯಾಲೆಂಡರಿನಲ್ಲಿ ನಿನ್ನ ಹೆಸರು ಹಾಗೇ ಇದೆ. ಅದು ಅಪ್ಪ ಬರೆದದ್ದು, ನಾನು ಮುಟ್ಟುವುದಿಲ್ಲ. ಸೇತುವೆಯ ಜಮಖಾನ ಮಾತ್ರ ಮೊಳೆ ಕಿತ್ತು ಸುತ್ತಿಟ್ಟೆ. ಬರುತ್ತೇನೆಂದು ಬರೆದಿದ್ದೀಯಲ್ಲ, ಅದಕ್ಕೆ ಪಕ್ಕದ ಹೊಲದವರಿಂದ ಒಂದು ಹುಲ್ಲಿನ ಕಂತೆ ತಂದು ನಮ್ಮ ಗೇಟಿನ ಮುಂದೆ ಅಡ್ಡ ಇಟ್ಟಿದ್ದೇನೆ. ಅದರ ಅರ್ಥ ನಿನಗೆ ಮರೆತಿರಲಾರದು.

ರೀಮ್ಕೆ, ಐಸ್ ಮೇಸ್ತ್ರಿ ವೊಬ್ಬೆಯ ಮಗಳು